ಎರಡನೇ ತಿರುವಿನಲ್ಲಿ ಸಿಕ್ಕಿಕೊಂಡ ಸ್ನಾನದ ತೊಟ್ಟಿ

“ಕೋಟು ಹಾಕ್ಕೋ ಅಂದೆ. ಸಾವಿನ ಮನೆಗೆ ಹೊರಟವನ ಮುಖ ಹಾಕ್ಕೋ ಅನ್ನಲಿಲ್ಲ,” ಎನ್ನುತ್ತಿದ್ದಳು ಡಿಂಪ್ನಾ, ನಾನು ಬಾಗಿಲು ತಟ್ಟಿದಾಗ.

ಮ್ಯಾಲಕಿ: ನಾನು ಬರಲ್ಲ. ಮೂವತ್ತು ವರ್ಷ ನೋಡದೆ ಇದ್ದೆ, ಈಗೇನು ಅವಸರ?

ಡಿಂಪ್ನಾ: ಆರೂವರೆಗೆ ಶುರು. ಅದೇ ಅವಸರ.

ಈ ಗಂಡ ಹೆಂಡತಿಯ ಕೆಳಗಿನ ಮನೆ ನನ್ನದು. ಡಬ್ಲಿನ್ ಬಂದರಿನ ಹಿಂದಿರುವ ನಮ್ಮ ಈ ಕಟ್ಟಡದಲ್ಲೇ ಒಂದು ಕಾಲಕ್ಕೆ ಸಿನಿಮಾ ತೆಗೆದಿದ್ದರು. ಬಡ ಸಂಸಾರವೊಂದು ಹಳೆಯ ಸ್ನಾನದ ತೊಟ್ಟಿ ಕೊಳ್ಳುತ್ತದೆ. ಅದು ಮೆಟ್ಟಿಲಿನ ಎರಡನೇ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕಟ್ಟಡದವರೆಲ್ಲ ಜಗಳ ಮರೆತು, ಹೊಸ ಜಗಳ ಹೂಡಿ, ಕಡೆಗೆ ಅದನ್ನು ಮೇಲೆ ಹತ್ತಿಸುತ್ತಾರೆ. ಅಷ್ಟೇ ಕಥೆ. ಪೇಟೆಯ ಚಿತ್ರಮಂದಿರದಲ್ಲಿ ಒಂದು ವಾರ ಓಡಿ ಮಾಯವಾಯಿತು. ಪತ್ರಿಕೆಯವರು ಒಂದು ಸಾಲನ್ನೂ ಬರೆಯಲಿಲ್ಲ. ಈಗ ಗ್ರಂಥಾಲಯದವರು ಎಲ್ಲಿಂದಲೋ ಅದರ ಪ್ರತಿ ಹುಡುಕಿ, ತಮ್ಮ ಸಭಾಂಗಣದಲ್ಲಿ ತೋರಿಸುತ್ತಿದ್ದರು.

ಮ್ಯಾಲಕಿಯ ಸಿಟ್ಟಿಗೆ ಕಾರಣ ಅವನ ತಾಯಿ ಕನ್ಸೆಪ್ಟಾ. ಚಿತ್ರೀಕರಣದ ದಿನ ಮೀನು ಕೊಂಡು ಮನೆಗೆ ಬರುತ್ತಿದ್ದ ಆಕೆ, ಅಲ್ಲಿ ನಡೆಯುತ್ತಿರುವುದು ಸಿನಿಮಾ ಎಂದು ತಿಳಿಯದೆ, ದಾರಿಗೆ ಅಡ್ಡ ನಿಂತಿದ್ದ ನಟರನ್ನೆಲ್ಲ ಬೈದಿದ್ದಳು. ಕ್ಯಾಮೆರಾ ಓಡುತ್ತಲೇ ಇತ್ತು. ಬೈಗುಳವನ್ನು ಹಾಗೇ ಸಿನಿಮಾದಲ್ಲಿ ಉಳಿಸಿಕೊಂಡರು. ಆಮೇಲೆ ಬಂದರಿನ ಕೆಲಸಗಾರರು ದಿನಾ ಬೆಳಗ್ಗೆ ಮ್ಯಾಲಕಿಯನ್ನು, ಇವತ್ತು ನಿಮ್ಮಮ್ಮ ಯಾರಿಗೆ ಬೈದರು ಎಂದು ಕೇಳತೊಡಗಿದರು. ಅವನು ಆ ಸಿನಿಮಾ ನೋಡುವುದಿಲ್ಲ ಎಂದು ಶಪಥ ಮಾಡಿದ.

ಮ್ಯಾಲಕಿ: ಊರಿನವರ ಮುಂದೆ ನಮ್ಮಮ್ಮನ್ನ ಕೋಡಂಗಿ ಮಾಡಿದಾರೆ.

ಡಿಂಪ್ನಾ: ನೋಡದೆ ಹೇಗೆ ಗೊತ್ತಾಯ್ತು?

ಮ್ಯಾಲಕಿ: ನಮ್ಮಂಥವರ ಮೇಲೆ ಸಿನಿಮಾ ತೆಗೆಯೋರು ಇನ್ನೇನು ಮಾಡ್ತಾರೆ? ಒಂದೋ ಅಳಿಸ್ತಾರೆ, ಇಲ್ಲಾ ಕುಡಿಸ್ತಾರೆ.

ಡಿಂಪ್ನಾ: ಇದರಲ್ಲಿ ಯಾರೂ ಕುಡಿಯಲ್ಲ. ಕುಡಿಯೋಕೆ ಕೈ ಎಲ್ಲಿ ಖಾಲಿ ಇದೆ? ಎಲ್ಲಾರೂ ತೊಟ್ಟಿ ಹಿಡ್ಕೊಂಡಿದಾರೆ.

ಮ್ಯಾಲಕಿ: ಅದು ನಿನಗೆ ಹೇಗೆ ಗೊತ್ತು?

ಡಿಂಪ್ನಾ ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ. ಬೇರೆ ದಾರಿಯಿಲ್ಲದೆ ಅವಳು ಒಪ್ಪಿಕೊಂಡಳು: ಆ ಒಂದು ವಾರದಲ್ಲೇ ಅತ್ತೆಯನ್ನು ಕರೆದುಕೊಂಡು ಹೋಗಿ ನೋಡಿಬಂದಿದ್ದಳು. ಅತ್ತೆ ಎಲ್ಲರಿಗಿಂತ ಜೋರಾಗಿ ನಕ್ಕಿದ್ದರು. ಮಾರನೆಯ ದಿನ ಮತ್ತೆ ಹೋಗೋಣ ಎಂದಿದ್ದರು.

ಮ್ಯಾಲಕಿ: ಅಮ್ಮ ನೋಡಿದ್ಲಾ? ನನಗೆ ಹೇಳ್ಲೇ ಇಲ್ಲ.

ಡಿಂಪ್ನಾ: ಹೇಳೋಕೆ ಬಿಟ್ಟೆಯಾ? ಆ ಮಾತೆತ್ತಿದ್ರೆ ತಟ್ಟೆ ತಳ್ಳಿ ಎದ್ದು ಹೋಗ್ತಿದ್ದೆ. ‘ಹೋಗ್ಲಿ ಬಿಡು, ಅವನ ಪಾಲಿನ ಮೀನು ನಾವು ತಿನ್ನೋಣ’ ಅಂದ್ರು ಅತ್ತೆ.

ಅಮ್ಮನ ಮಾನ ಕಾಯಲು ಬರುತ್ತೇನೆಯೇ ಹೊರತು ನೋಡಲು ಅಲ್ಲ ಎಂದು ಹೇಳಿ ಮ್ಯಾಲಕಿ ಹೊರಟ. ಸಭಾಂಗಣದಲ್ಲಿ ಕಡೆಯ ಸಾಲಿನಲ್ಲಿ ಕೋಟು ಬಿಚ್ಚದೆ ಕುಳಿತ. ತೊಟ್ಟಿ ಸಿಕ್ಕಿಕೊಂಡಾಗ ನಗಲಿಲ್ಲ. ಪಾದ್ರಿ ತೊಟ್ಟಿಯ ಅಡಿಯಿಂದ ನುಸುಳಿ ಬಂದಾಗಲೂ ನಗಲಿಲ್ಲ. ಆಮೇಲೆ ಪರದೆಯ ಮೇಲೆ ಕನ್ಸೆಪ್ಟಾ ಬಂದಳು. ತಲೆಗೆ ಹಸಿರು ವಸ್ತ್ರ, ಕೈಯಲ್ಲಿ ಮೀನಿನ ಪೊಟ್ಟಣ. ತೊಟ್ಟಿ ಹಿಡಿದು ನಿಂತಿದ್ದ ಗಂಡಸರನ್ನು ಮೇಲಿಂದ ಕೆಳಗೆ ನೋಡಿದಳು.

“ಇಷ್ಟು ಜನ ಸೇರಿ ಹೆಣ ಹೊತ್ತ ಹಾಗೆ ನಿಂತಿದ್ದೀರಲ್ಲ, ನಾಚಿಕೆ ಆಗಲ್ವಾ? ನನ್ನ ಮಗ ಇದ್ದಿದ್ರೆ ಒಬ್ಬನೇ ಇದನ್ನ ಮೇಲಕ್ಕೆ ಹೊತ್ಕೊಂಡು ಹೋಗ್ತಿದ್ದ.”

ಸಭಾಂಗಣ ಗೊಳ್ಳೆಂದಿತು. ಮ್ಯಾಲಕಿ ಜಗಳಕ್ಕೆಂದೇ ಎದ್ದು ನಿಂತ. ಸುತ್ತ ನೋಡಿದ. ಜನ ಬೆರಳು ಮಾಡಿ ನಗುತ್ತಿದ್ದುದು ಪರದೆಯ ಮೇಲೆ ತಲೆ ತಗ್ಗಿಸಿ ನಿಂತ ಆ ಗಂಡಸರ ಕಡೆಗೆ. ಅಮ್ಮ ತೀರಿಕೊಂಡ ಮೇಲೆ ಅವನು ಆ ದನಿ ಕೇಳಿರಲಿಲ್ಲ. ನಿಂತಲ್ಲೇ ನಗತೊಡಗಿದ, ಬೇರೆಯವರು ನಿಲ್ಲಿಸಿದ ಮೇಲೂ ಅವನಿಗೆ ನಿಲ್ಲಿಸಲಾಗಲಿಲ್ಲ.

ಡಿಂಪ್ನಾ: ಕೂತ್ಕೋ. ಅಳ್ತಿದ್ದೀಯಾ?

ಮ್ಯಾಲಕಿ: ನೆಗಡಿ.

ಸಿನಿಮಾ ಮುಗಿದಾಗ ಅವನೇ ಎಲ್ಲರಿಗಿಂತ ದೊಡ್ಡ ಅಭಿಮಾನಿ. ಇಂಥ ಚಿತ್ರವನ್ನು ಒಂದೇ ವಾರಕ್ಕೆ ಎತ್ತಿದವರಿಗೆ ಕಣ್ಣಿರಲಿಲ್ಲವೇ ಎಂದು ಬಾಗಿಲ ಬಳಿ ನಿಂತು, ಹೋಗುವವರನ್ನೆಲ್ಲ ತಡೆದು ಕೇಳಿದ. ಗ್ರಂಥಾಲಯದ ಓರ್ಲಾ ಅವನನ್ನು ಹುಡುಕಿಕೊಂಡು ಬಂದಳು.

ಓರ್ಲಾ: ಆಕೆ ಹೇಳಿದ ಮಗ ನೀವೇನಾ?

ಮ್ಯಾಲಕಿ (ಎದೆ ಸೆಟೆಸಿ): ನಾನೇ. ಒಬ್ಬನೇ ಮಗ.

ಓರ್ಲಾ: ಒಳ್ಳೇದಾಯ್ತು. ಆ ಮೂಲೆಯಲ್ಲಿರೋ ಪಿಯಾನೊನ ವೇದಿಕೆ ಮೇಲೆ ಹತ್ತಿಸಬೇಕಿತ್ತು.

ಮ್ಯಾಲಕಿ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ.

ಡಿಂಪ್ನಾ: ನನ್ನನ್ನ ಯಾಕೆ ನೋಡ್ತೀಯ? ಹೋಗು, ಎತ್ತು. ಅತ್ತೆ ಸುಳ್ಳು ಹೇಳಿದ್ರು ಅಂತ ಊರು ಮಾತಾಡೋ ಹಾಗೆ ಮಾಡ್ಬೇಡ.