ಅಡುಗೆಮನೆಗೆ ಬಂದ ವೆಬ್‌ಸೈಟು

ಆಗ ನನಗೆ ಅರವತ್ತೊಂದು. ಹದಿನೇಳು ವರ್ಷದ ಹಿಂದಿನ ಮಾತು. ಗಣಿಯ ಕೆಂಪು ಧೂಳು ಬಳ್ಳಾರಿಯವರ ಊಟದ ತಟ್ಟೆಯವರೆಗೂ ಬಂದಿದ್ದ ಕಾಲ. ನಾನು ಕುರುಗೋಡಿನಲ್ಲಿ ಜೋಳದ ರೊಟ್ಟಿ ಮಾಡಿಸಿ ಒಂದು ಗಣಿ ಕ್ಯಾಂಪಿಗೆ ದಿನಾ ಕಳಿಸುತ್ತಿದ್ದೆ. ನನ್ನ ಮಾತು ನಂಬಿ ಆರು ಹೆಂಗಸರು ಅದಿರು ಆರಿಸುವ ಕೂಲಿ ಬಿಟ್ಟು ನನ್ನ ಒಲೆಯ ಮುಂದೆ ಕೂತಿದ್ದರು. ನಾನು ಓದಿದ್ದು ಎರಡನೇ ಕ್ಲಾಸು. ಆದರೂ ನನ್ನನ್ನು ಯಾರೂ ಕೆಡಿಸಲಾರರು ಎಂಬ ಧೈರ್ಯವಿತ್ತು. ಕೆಡಿಸಲು ಬೇರೆಯವರು ಬೇಕಾಗಲೂ ಇಲ್ಲ.

ಕ್ಯಾಂಪಿಗೆ ಉತ್ತರ ಭಾರತದ ಕಡೆಯ ಹೊಸ ಮ್ಯಾನೇಜರ್ ಬಂದ. ಅವನು ಮನುಷ್ಯರನ್ನು ಕೇಳುವವನಲ್ಲ, ಕಂಪ್ಯೂಟರನ್ನು ಕೇಳುವವನು. ಬಳ್ಳಾರಿ ಆಫೀಸಿನಲ್ಲಿ ಕೂತು ‘ಬಳ್ಳಾರಿ ರೊಟ್ಟಿ’ ಎಂದು ಹುಡುಕುತ್ತೇನೆ, ಯಾರ ಹೆಸರು ಮೇಲೆ ಬರುತ್ತದೋ ಅವರಿಗೇ ಕೆಲಸ ಎಂದು ಹೇಳಿ ಕಳಿಸಿದ. ಎರಡು ತಿಂಗಳ ಗಡುವು.

ಬಳ್ಳಾರಿಯಲ್ಲಿ ಇಂಟರ್‌ನೆಟ್ ಅಂಗಡಿ ಇಟ್ಟಿದ್ದ ಖಾಸಿಂಸಾಬ ನನಗೊಂದು ವೆಬ್‌ಸೈಟು ಮಾಡಿಕೊಟ್ಟ. ನನ್ನ ಫೋಟೋ, ರೊಟ್ಟಿಯ ಫೋಟೋ, ಫೋನ್ ನಂಬರು. ಕೆಲವೇ ದಿನದಲ್ಲಿ ಫೋನೂ ಬಂತು. ಅಮೆರಿಕದಿಂದ! ಒಬ್ಬ ತೆಲುಗಿನವನು ರೊಟ್ಟಿ ಬಿಸಿ ಇವೆಯೇ ಎಂದು ತೆಲುಗಿನಲ್ಲಿ ಕೇಳಿದ. ನೀನು ಬರುವಷ್ಟರಲ್ಲಿ ಆರುತ್ತವೆ ಎಂದು ತೆಲುಗಿನಲ್ಲೇ ಹೇಳಿದೆ. ಆದರೆ ಬಳ್ಳಾರಿಯಲ್ಲಿ ಹುಡುಕಿದರೆ ನಾನು ಮೂರನೇ ಹಾಳೆಯ ತಳದಲ್ಲಿದ್ದೆ. ಎಲ್ಲರಿಗಿಂತ ಮೇಲೆ ಸಿರುಗುಪ್ಪದ ಬಸಮ್ಮ. ಸಿರುಗುಪ್ಪ ಎಂದರೆ ಸುತ್ತ ಭತ್ತ ಬೆಳೆದು ಮೂರು ಹೊತ್ತೂ ಅನ್ನ ಉಣ್ಣುವ ಊರು.

ಖಾಸಿಂಸಾಬನನ್ನು ತರಾಟೆಗೆ ತೆಗೆದುಕೊಂಡೆ. ಅವನು ತಾಳ್ಮೆಯ ಮನುಷ್ಯ.

“ನಿಮ್ಮ ವೆಬ್‌ಸೈಟು ಅಮೆರಿಕದಾಗಿನ ಬಾಡಿಗಿ ಕಂಪ್ಯೂಟರಿನಾಗ ಐತವ್ವ. ಅದು ಯಾವ ದೇಶದಾಗ ಐತೋ ಆ ದೇಶದ ಮಂದಿಗೇ ಮೊದಲು ತೋರಸ್ತೈತಿ. ಬಸಮ್ಮಂದು ಮುಂಬೈದಾಗ ಐತಿ. ನಿಮ್ಮದೂ ಅಲ್ಲಿಗೇ ಸಾಗಸ್ತೀನಿ.”

“ಮುಂಬೈ ಯಾಕ? ಕುರುಗೋಡಿಗೇ ತಾ.”

ದೇಶ ನಮ್ಮದಾದರೆ ಸಾಕು, ಊರು ಯಾವುದಾದರೂ ಒಂದೇ ಎಂದು ಅವನು ಬಾಯಿ ಒಣಗುವವರೆಗೆ ಹೇಳಿದ. ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟುಕೊಂಡು ರೊಟ್ಟಿ ಮಾರಿದವಳು ನಾನು. ಬಸ್ಸಿನ ಬಾಗಿಲ ಹತ್ತಿರ ಕೂತವಳ ಬುಟ್ಟಿ ಮೊದಲು ಖಾಲಿಯಾಗುತ್ತದೆ. ಮುಂಬೈಗಿಂತ ಕುರುಗೋಡು ಬಳ್ಳಾರಿಗೆ ಹತ್ತಿರ. ಇಷ್ಟು ಸಣ್ಣ ವಿಷಯ ಓದಿದವರಿಗೆ ತಿಳಿಯದಿರುವುದನ್ನು ಕಂಡು ಮರುಕವಾಯಿತು.

ಕೊನೆಗೆ ನನ್ನ ವೆಬ್‌ಸೈಟು ತುಂಬಿದ ಕಂಪ್ಯೂಟರ್ ನಮ್ಮ ಮನೆಗೇ ಬಂತು. ಅಡುಗೆಮನೆಯಲ್ಲಿ, ಒಲೆಯ ಪಕ್ಕ, ಅದರ ಸ್ಥಾಪನೆಯಾಯಿತು. ಯಾವ ಹೊತ್ತಿನಲ್ಲೂ ಆರಿಸಬಾರದು ಎಂದು ಖಾಸಿಂಸಾಬ ಮೂರು ಸಲ ಹೇಳಿದ. ಕರೆಂಟು ಹೋದರೂ ನಡೆಯಲೆಂದು ಬ್ಯಾಟರಿ ಇಟ್ಟ. ತಿಂಗಳೊಳಗೆ ನನ್ನ ಹೆಸರು ಬಸಮ್ಮನನ್ನು ದಾಟಿ ಮೇಲೇರಿತು. ಆಮೇಲೆ ನಾನು ಓಣಿಯಲ್ಲಿ ನಡೆಯುವ ರೀತಿಯೇ ಬದಲಾಯಿತು ಎಂದು ನನ್ನ ಗಂಡ ಈಗಲೂ ಹೇಳುತ್ತಾನೆ.

ಮ್ಯಾನೇಜರ್ ಹುಡುಕುತ್ತೇನೆ ಎಂದಿದ್ದ ದಿನ ನಾಗರಪಂಚಮಿ. ಹಬ್ಬದ ದಿನ ಯಾರು ಆಫೀಸು ತೆರೆಯುತ್ತಾರೆ ಎಂದು ನಾನು ನಿಶ್ಚಿಂತಳಾಗಿದ್ದೆ. ಪಂಚಮಿಗೆ ನಾವು ಒಲೆಯ ಮೇಲೆ ರೊಟ್ಟಿ ಸುಡುವ ಹಂಚು ಇಡುವುದಿಲ್ಲ. ಹಂಚು ಕಾಯಿಸಿದರೆ ನಾಗಪ್ಪನಿಗೆ ಬಿಸಿ ತಾಗುತ್ತದೆ. ಹಂಚನ್ನು ತೊಳೆದು ಗೋಡೆಗೆ ಒರಗಿಸಿ ತಿರುಗುವಾಗ ಕಂಪ್ಯೂಟರಿಗೆ ಕೈ ತಗುಲಿತು. ಬಿಸಿಯಾಗಿತ್ತು. ರೊಟ್ಟಿ ಕೆಲಸಕ್ಕೆ ತಂದದ್ದು, ಒಲೆಯ ಪಕ್ಕ ಇದ್ದದ್ದು, ಮುಟ್ಟಿದರೆ ಬಿಸಿಯಾದದ್ದು. ಹಂಚಲ್ಲದೆ ಇನ್ನೇನು?

“ಆರಿಸಬ್ಯಾಡ ಅಂದಾನಲ್ಲಲೇ ಖಾಸಿಂ,” ಎಂದ ನನ್ನ ಗಂಡ.

“ಅವಗ ಪಂಚಮಿ ಗೊತ್ತಿಲ್ಲ,” ಎಂದೆ.

ವೈರು ಕಿತ್ತೆ. ಬ್ಯಾಟರಿಯದೂ ಕಿತ್ತೆ. ಅರಿಶಿನ ಕುಂಕುಮ ಹಚ್ಚಿ ಮುಂದೆ ಎರಡು ಶೇಂಗಾ ಉಂಡಿ ಇಟ್ಟೆ.

ಮಧ್ಯಾಹ್ನ ಖಾಸಿಂಸಾಬನ ಫೋನು. ಮ್ಯಾನೇಜರ್ ಹುಡುಕಿದ್ದಾನೆ. ನನ್ನ ಹೆಸರು ಎಲ್ಲಕ್ಕಿಂತ ಮೇಲೆಯೇ ಬಂದಿದೆ. ಒತ್ತಿದರೆ ಬರೀ ಬಿಳಿ ಹಾಳೆ. ಅದರ ಕೆಳಗಿನದನ್ನು ಒತ್ತಿದ್ದಾನೆ. ಬಸಮ್ಮ ಬಂದಿದ್ದಾಳೆ. ಕೆಲಸ ಅವಳಿಗೆ.

“ಏನ್ ಮಾಡಿದ್ರೆವ್ವ?”

“ಹಬ್ಬ ಮಾಡಿದೆ.”

ಆರು ಹೆಂಗಸರೂ ಹೊರಗೆ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ ಆಡುತ್ತಿದ್ದರು. ಹೋಗಿ ಹೇಳಿದೆ. ಜೋಕಾಲಿ ನಿಂತಿತು. ಅವರಲ್ಲಿ ಹಿರಿಯಳಾದ ಗಂಗಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

“ಮತ್ತ ಅದಿರು ಆರಸಾಕ ಹೋಗೂಣೇನು?” ಎಂದು ಕೇಳಿದಳು.

ಬೇಡ, ತಡೆಯಿರಿ ಎಂದೆ.

ಮರುದಿನ ಬೆಳಿಗ್ಗೆ ಆರು ಜನರನ್ನೂ ಕರೆದುಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ. ಬಸಮ್ಮನಿಗೆ ಕೆಲಸ ಸಿಕ್ಕಿತ್ತು, ಅಷ್ಟು ರೊಟ್ಟಿ ಬಡಿಯುವ ಕೈಗಳಿರಲಿಲ್ಲ. ಆರು ಜನರನ್ನು ಒಂದು ಮಾತೂ ಕೇಳದೆ ಒಳಗೆ ಕರೆದಳು. ನನ್ನನ್ನು ಮಾತ್ರ ಬಾಗಿಲಲ್ಲಿ ತಡೆದಳು.

“ನಿನಗ ರೊಟ್ಟಿ ಬಡಿಯಾಕ ಬರ್ತೈತೇನಬೇ?”

ಬರುತ್ತದೆ ಎಂದು ಹೇಳಿದೆ. ಅವಳು ನಂಬಲಿಲ್ಲ. ಕೂತು ಒಂದು ಬಡಿದು ತೋರಿಸಿದೆ.