ಹಳೇ ಮೀನು, ಹೊಸ ಐಸು

ಜಗತ್ತಿನ ದೊಡ್ಡ ದೊಡ್ಡ ಕಂಪೆನಿಗಳೆಲ್ಲ ನನ್ನ ಸೋದರತ್ತೆಯ ಮೀನುಬುಟ್ಟಿಯಿಂದ ಕದ್ದೇ ಹೊಟ್ಟೆ ಹೊರೆಯುತ್ತಿವೆ. ಇದು ನನ್ನ ಮಾತಲ್ಲ, ಅತ್ತೆಯದೇ ಹೇಳಿಕೆ. ಕಂಪೆನಿಗಳ ಕಡೆಯಿಂದ ಇದುವರೆಗೆ ತಕರಾರು ಬಂದಿಲ್ಲವಾದ್ದರಿಂದ ಅದು ನಿಜವೇ ಇರಬೇಕು ಎಂಬುದೂ ಅವಳದೇ ವಾದ!

ಅತ್ತೆ ಮೂವತ್ತೈದು ವರ್ಷಗಳಿಂದ ಬೆಳಿಗ್ಗೆ ಕುಂದಾಪುರದಲ್ಲಿ ಮೀನು ತುಂಬಿದ ಬುಟ್ಟಿಯೊಂದಿಗೆ ಸಿದ್ದಾಪುರದ ಬಸ್ಸು ಹತ್ತಿ, ಅಲ್ಲಿ ಮನೆಮನೆಗೆ ನಡೆದು ಮಾರಿ ಬರುವವಳು. ನಾನು ಕುಂದಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟವನು. ಮಧ್ಯಾಹ್ನ ಖಾಲಿ ಬುಟ್ಟಿಯನ್ನು ನನ್ನ ಮೆಟ್ಟಿಲ ಮೇಲೆ ಕವುಚಿ ಹಾಕಿ, ಫ್ಯಾನಿನ ನೇರಕ್ಕೆ ಕುಳಿತು, "ಇವತ್ತೆಂತ ಹೊಸ್ತ್ ಬಂತಾ ಮಗಾ?" ಎಂದು ಕೇಳದಿದ್ದರೆ ಅವಳಿಗೆ ಊಟ ಸೇರುವುದಿಲ್ಲ. ಪಾಪ, ಕಲಿಯುವ ಆಸೆ ಅಂದುಕೊಂಡಿರಾ? ಅಲ್ಲ ಸ್ವಾಮಿ, ಹೀಗಳೆಯುವ ಆಸೆ!

"ಅತ್ತೆ, ಇದ್ ಮಡ್ಚೂ ಫೋನ್. ವರ್ಷಗಟ್ಲೆ ಸಂಶೋಧನೆ ಮಾಡಿ ಕಂಡ್ಹಿಡ್ದದ್" ಎಂದೆ ಒಮ್ಮೆ.

"ಮಡ್ಚೂಕೆ ಕಲ್ತದ್ ಈಗ್ಳಾ? ನಮ್ಮನಿ ಕೊಡೆ ಯಾವ ಕಾಲದಿಂದ ಮಡ್ಚತ್ತ್!"

ಹೆಸರು ಹಿಡಿದು ಕರೆದರೆ ಉತ್ತರ ಕೊಡುವ ಫೋನು ತೋರಿಸಿದೆ. "ನಾನ್ ಒಂದ್ಸಲ ಹ್ವಾಯ್ ಅಂದ್ರೆ ಇಡೀ ಕೇರಿ ಉತ್ರ ಕೊಡತ್ತ್. ನಂಗೆ ಚಾರ್ಜೂ ಬ್ಯಾಡ" ಎಂದಳು. ಯಾರ ಹುಟ್ಟುಹಬ್ಬ ಯಾವತ್ತು, ಯಾವ ದಿನ ಏನು ಕೆಲಸ, ಎಲ್ಲವನ್ನೂ ಫೋನೇ ನೆನಪಿಸುತ್ತದೆ ಎಂದು ಎದೆಯುಬ್ಬಿಸಿ ಹೇಳಿದೆ. ಅತ್ತೆ ನನ್ನನ್ನು ಮರುಕದಿಂದ ನೋಡಿದಳು. "ನಮ್ಮವ್ರನ್ನ್ ನೆನಪ್ ಮಾಡ್ಕಂಬುಕೂ ಇನ್ನೊಬ್ರ್ ಬೇಕಾ?" ನಾನು ಗಿರಾಕಿ ಬಂದಂತೆ ನಟಿಸಿ ಆಚೆ ಸರಿದೆ.

ನಿಜವಾದ ಗಿರಾಕಿ ಬಂದಾಗ ಇನ್ನೂ ಕಷ್ಟ. ಹೋದ ವರ್ಷದ ಫೋನಿಗೂ ಈ ವರ್ಷದ್ದಕ್ಕೂ ಏನು ವ್ಯತ್ಯಾಸ ಎಂದು ಒಬ್ಬರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಶುರು ಮಾಡಿದಳು. "ಹ್ವಾದ್ ವರ್ಷದ್ದಕ್ಕೆ ಮೂರ್ ಕಣ್ಣ್ ಉದ್ದಕ್ಕಿತ್ತ್, ಈ ವರ್ಷ ಅಡ್ಡಕ್ಕಿತ್ತ್. ಹಳೇ ಮೀನಿಗೆ ಹೊಸ ಐಸ್! ಕಿವಿರ್ ಎತ್ತಿ ಕಂಡ್ ತಕಣಿ." ಆ ಪುಣ್ಯಾತ್ಮರು ನಿಜವಾಗಿಯೂ ಫೋನನ್ನು ಮಗುಚಿ ಹಾಕಿ ನೋಡಿ, "ಮತ್ ಬತ್ತೆ" ಎಂದು ಹೋದವರು ಈವರೆಗೆ ಬಂದಿಲ್ಲ. ಅತ್ತೆ ಮೆಚ್ಚಿದ್ದು ಫೋನಿನ ಟಾರ್ಚು ಒಂದನ್ನೇ. "ಸುಳ್ಳ್ ಹೇಳೂಕಾಗ, ಅದೊಂದ್ ಚಂದ ಮಾಡ್ರ್" ಎನ್ನುತ್ತಾಳೆ.

ಹೀಗೆ ನಗುನಗುತ್ತ ಇದ್ದಾಗಲೇ ದೊಡ್ಡ ಊರಿನ ಕಂಪೆನಿಯೊಂದು ಮೀನಿನ ಆ್ಯಪ್ ತಂದಿತು. ಅದರ ಪೋಸ್ಟರನ್ನು ಅಂಗಡಿಯ ಗಾಜಿಗೆ ಅಂಟಿಸಿದ್ದು ಯಾರು? ನಾನೇ! ಪುಕ್ಕಟೆ ಕೊಟ್ಟ ಗೋಡೆ ಗಡಿಯಾರದ ಆಸೆಗೆ. ಅತ್ತೆ ನನ್ನಿಂದ ಅದನ್ನು ಎರಡು ಸಲ ಓದಿಸಿದಳು. "ಕರಾವಳಿಯಲ್ಲಿ ಮೊಟ್ಟಮೊದಲ ಬಾರಿಗೆ! ಮನೆ ಬಾಗಿಲಿಗೇ ತಾಜಾ ಮೀನು!"

"ಮೊಟ್ಟಮೊದ್ಲಾ? ಹಾಂಗಾರೆ ನಾನ್ ಇಷ್ಟ್ ವರ್ಷ ಮನಿ ಬಾಗ್ಲಿಗೆ ಹೊತ್ಕಂಡ್ ಹೋದ್ದೆಂತ, ಗೆಣಸಾ?"

ನಕ್ಕೆವು. ಆದರೆ ಕಂಪೆನಿಯ ವ್ಯಾನು ಸಿದ್ದಾಪುರಕ್ಕೂ ಓಡತೊಡಗಿತು. ಗುಂಡಿ ಒತ್ತಿದರೆ ಕೊಯ್ದು, ತೊಳೆದು, ಡಬ್ಬಿಯಲ್ಲಿ ಹಾಕಿದ ಮೀನು! ತಿಂಗಳೊಳಗೆ ಅತ್ತೆಯ ಬುಟ್ಟಿ ಅರ್ಧ ತುಂಬಿಕೊಂಡೇ ವಾಪಸು ಬರತೊಡಗಿತು. ಹೊಸತೇನು ಬಂತು ಎಂದು ಕೇಳುವುದನ್ನೂ ಬಿಟ್ಟಳು. "ಈ ಬುಟ್ಟಿ ಕೆಳಗಿಟ್ರೆ ಮನ್ಯಂಗ್ ಕೂಕಂಬುಕೆ ನಂಗ್ ಬತ್ತಿಲ್ಲೆ ಮಗಾ. ಆ ಮನೆಯವ್ರೆಲ್ಲ ನಂಗೆ ಬೇಕ್" ಎಂದಳೊಂದು ದಿನ. ನನಗೆ ಆ ಗಡಿಯಾರವನ್ನು ಕಿತ್ತು ಎಸೆಯುವಷ್ಟು ನಾಚಿಕೆಯಾಯಿತು.

ಕಂಪೆನಿಗೆ ಗೊತ್ತಿಲ್ಲದ ಒಂದು ವಿಷಯವಿತ್ತು. ಯಾವ ಮನೆಯಲ್ಲಿ ಸೋಮವಾರ ಮೀನಿಲ್ಲ, ಯಾರಿಗೆ ಶನಿವಾರ ಒಪ್ಪತ್ತು, ಎಲ್ಲ ಅತ್ತೆಯ ತಲೆಯಲ್ಲಿದೆ. ಸಾವಾದ ಮನೆಯ ಮುಂದೆ ಕ್ರಿಯೆ ಮುಗಿಯುವ ತನಕ ಅವಳು ಕೂಗುವುದಿಲ್ಲ. ಬುಟ್ಟಿಗೆ ಬಟ್ಟೆ ಮುಚ್ಚಿ, ತಲೆ ತಗ್ಗಿಸಿ ದಾಟುತ್ತಾಳೆ. ಕ್ರಿಯೆ ಮುಗಿದ ಮರುದಿನ ಯಾರೂ ಕರೆಯದೆ ಅಂಗಳಕ್ಕೆ ಬರುತ್ತಾಳೆ. ಆ ಮನೆಯ ಮೊದಲ ಮೀನು ಅವಳ ಕೈಯದೇ ಆಗಬೇಕು.

ಕಂಪೆನಿ ಮಾಡಿದ್ದೇನು? ಮೀನು ಮುಟ್ಟದ ಸಂಕ್ರಮಣದ ದಿನ ಬೆಳಿಗ್ಗೆ ಊರಿನ ಫೋನುಗಳೆಲ್ಲ ಒಟ್ಟಿಗೇ ಕೂಗಿದವು: "ಇಂದು ಅಂಜಲ್ ಮೀನು ತಿನ್ನದಿದ್ದರೆ ಹೇಗೆ?" ಅಜ್ಜಿಯರು ಕಿವಿ ಮುಚ್ಚಿಕೊಂಡರು! ಅದು ಸಾಲದು ಎಂಬಂತೆ ಇನ್ನೊಂದು. ವಾರಕ್ಕೊಮ್ಮೆ ಆ ಆ್ಯಪಿನಿಂದ ಬಂಗುಡೆ ತರಿಸುತ್ತಿದ್ದ ಅಜ್ಜನೊಬ್ಬ ತೀರಿಹೋದ ಮೂರನೇ ದಿನ, ಅಂಗಳದ ತುಂಬ ಮಾತಾಡಿಸಲು ಬಂದ ಜನ ಕುಳಿತಿದ್ದಾಗ, ವ್ಯಾನು ಹಾಡು ಹಾಕಿಕೊಂಡು ಬಂದು ನಿಂತಿತು. ಡಬ್ಬಿ ಹಿಡಿದು ಇಳಿದ ಡ್ರೈವರು ಅಜ್ಜನ ಹೆಸರನ್ನೇ ಗಟ್ಟಿಯಾಗಿ ಕೂಗಿದ. ಅದೇ ಹೊತ್ತಿಗೆ ಬೇಲಿಯಾಚೆ ಅತ್ತೆ ಬುಟ್ಟಿ ಮುಚ್ಚಿಕೊಂಡು ಸದ್ದಿಲ್ಲದೆ ದಾಟುತ್ತಿದ್ದಳು.

"ಸಾವಿನ ಮನಿ ಮುಂದ್ ಹ್ಯಾಂಗ್ ಹೋಯ್ಕ್ ಅಂದೇಳಿ ಅವ್ಳನ್ನ್ ಕಂಡ್ ಕಲೀನಿ" ಎಂದರಂತೆ ಅಜ್ಜನ ಮಗಳು ಡ್ರೈವರಿಗೆ. ಈ ಕಥೆ ನನಗೆ ಹೇಳಿದ್ದು ಬಸ್ಸಿನ ಕಂಡಕ್ಟರು. ನನಗಿಂತ ಮೊದಲು ಅವನು ಇಡೀ ಬಸ್ಸಿಗೆ ಹೇಳಿಯಾಗಿತ್ತು. ವಾರದೊಳಗೆ ಅತ್ತೆಯ ಬುಟ್ಟಿ ಅರ್ಧ ದಾರಿಯಲ್ಲೇ ಖಾಲಿ! ವ್ಯಾನು ದಿನಕ್ಕೊಮ್ಮೆ ಬರುವುದು ವಾರಕ್ಕೊಮ್ಮೆ ಆಯಿತು, ಮತ್ತೆ ಬರಲೇ ಇಲ್ಲ.

ಬಂದದ್ದು ಕಂಪೆನಿಯ ಮ್ಯಾನೇಜರು, ಟೈ ಕಟ್ಟಿಕೊಂಡು, ನನ್ನ ಅಂಗಡಿಗೆ, ಅತ್ತೆ ಕುಳಿತಿದ್ದಾಗಲೇ. "ಮೇಡಂ, ನಿಮ್ಮ ಹತ್ತಿರ ಇರುವ ಡೇಟಾ ನಮಗೆ ಬೇಕು."

"ಎಂತ ಬೇಕಂಬ್ರ್?"

"ನಿನ್ ತಲಿಯೊಳಗ್ ಇದ್ದದ್ದ್, ಅತ್ತೆ" ಎಂದೆ.

ಅತ್ತೆ ನನ್ನ ಮೇಜಿಗೆ ಬಡಿದಳು. "ಕಂಡ್ಯಾ! ಕಡಿಗೂ ಕದ್ಕಂಡ್ ಹೋಪ್ಕೆ ಬಂದ್ರ್ ಕಾಣ್!" ಆಮೇಲೆ ಬಲು ಮರ್ಯಾದೆಯಿಂದ ಅವರತ್ತ ತಿರುಗಿದಳು. "ಕೊಡ್ತೆ ಮಾರಾಯ್ರೆ, ಕಷ್ಟ ಎಂತ ಇಲ್ಲೆ. ಬುಟ್ಟಿ ತಲಿ ಮೇಲಿಟ್ಕಂಡ್ ನನ್ ಹಿಂದ್ ನಡೀನಿ. ಮೂವತ್ತೈದ್ ವರ್ಷ ಸಾಕ್." ಮ್ಯಾನೇಜರು ಬುಟ್ಟಿಯನ್ನೊಮ್ಮೆ, ತಮ್ಮ ಅಂಗಿಯನ್ನೊಮ್ಮೆ ನೋಡಿ ಮೆಲ್ಲನೆ ಮೆಟ್ಟಿಲಿಳಿದರು. ಅತ್ತೆ ಎದ್ದು ಪೋಸ್ಟರನ್ನು ತಾನೇ ಪರಪರ ಕಿತ್ತಳು. ಗಡಿಯಾರವನ್ನು ಮಾತ್ರ ಬಿಟ್ಟಳು. "ಇರ್ಲಿ, ಗಂಟಿ ಸರಿ ತೋರಿಸ್ತ್."

ಗೆದ್ದ ಖುಷಿಯಲ್ಲಿ ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆಗಲೇ ನಾನು ಗಮನಿಸಿದ್ದು, ಅವತ್ತು ಬುಟ್ಟಿಯನ್ನು ಅವಳು ಕವುಚಿರಲಿಲ್ಲ. ಅದರ ತಳದಿಂದ ಸಾಗುವಾನಿ ಎಲೆಯ ಪೊಟ್ಟಣವೊಂದನ್ನು ತೆಗೆದು ನನ್ನ ಕೈಗಿಟ್ಟಳು.

"ಕಾಣೆ ಮೀನ್. ಹುರ್ದ್ ಎಡೆ ಇಡ್ಕ್."

"ಯಾರಿಗತ್ತೆ?"

ಅತ್ತೆ ಬಯ್ಯಲಿಲ್ಲ. "ಇವತ್ ನಿನ್ನಮ್ಮ ಹೋದ ತಿಥಿ ಅಲ್ದಾ ಮಗಾ. ಅತ್ಗಿಗೆ ಕಾಣೆ ಅಂದ್ರೆ ಜೀವ ಅಲ್ದಾ."

ಅಮ್ಮ ಹೋಗಿ ಎರಡು ವರ್ಷ. ಗಾಜಿನ ಹಿಂದೆ ಸಾಲಾಗಿ ನಿಂತ ಅಷ್ಟೂ ಫೋನುಗಳು, ನನ್ನ ಜೇಬಿನಲ್ಲಿದ್ದದ್ದೂ ಸೇರಿ, ತೆಪ್ಪಗಿದ್ದವು. ಅವುಗಳದ್ದೇನು ತಪ್ಪು? ಮರೆತವನು ನಾನು. ಹಾಡುಹಗಲಲ್ಲೇ ಶಟರು ಎಳೆದು, ಅತ್ತೆಯ ಬುಟ್ಟಿಯನ್ನೆತ್ತಿ ನನ್ನ ತಲೆಯ ಮೇಲಿಟ್ಟುಕೊಂಡೆ. ಮೀನಿನ ನೀರು ಕುತ್ತಿಗೆಗೆ ಇಳಿಯಿತು.

"ಬಿಡಾ, ಹೊಸ ಅಂಗಿಗೆ ವಾಸ್ನಿ ಬತ್ತ್!" ಎಂದಳು ಅತ್ತೆ.

"ಬರ್ಲಿ ಅತ್ತೆ" ಎಂದು ಅವಳ ಹಿಂದೆ ನಡೆದೆ.