ಅವ್ವನ ಅಳತೆಯ ಕಾರು

ಕಾರು ಕೊಳ್ಳುವ ಮೊದಲು ನಮ್ಮ ಅಗತ್ಯವೇನೆಂದು ನಮಗೆ ಗೊತ್ತಿರಬೇಕು ಎಂದು ತಿಳಿದವರು ಹೇಳುತ್ತಾರೆ. ನನಗೆ ಗೊತ್ತಿತ್ತು, ಗೊತ್ತಿದೆಯೆಂಬ ಸೊಕ್ಕೂ ಇತ್ತು. ಮೊಣಕಾಲು ನೋವಿನ ಅವ್ವನನ್ನು ವಾರಕ್ಕೆರಡು ಸಲ ಕುಂದಗೋಳದಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯಬೇಕು. ಬಸ್ಸಿನ ಮೆಟ್ಟಿಲು ಅವಳಿಂದ ಆಗದು. ಚಿಕಿತ್ಸೆ ತಪ್ಪಿದರೆ ಹಾಸಿಗೆ ಹಿಡಿಯುತ್ತಾಳೆ ಎಂದು ಡಾಕ್ಟರು ಹೇಳಿದಂದಿನಿಂದ ನನಗೆ ಅಗದಿ ಹೆದರಿಕೆ ಹತ್ತಿಕೊಂಡಿತ್ತು.

ಸೀಟು ತಗ್ಗಾದರೆ ಅವ್ವ ಏಳಲಾರಳು, ಎತ್ತರವಾದರೆ ಏರಲಾರಳು. ಕೊನೆಗೊಂದು ಉಪಾಯ ಹೊಳೆಯಿತು. ನಮ್ಮ ಕಡೆ ಬಾಗಿಲ ಮುಂದಿನ ಕಟ್ಟೆಯೆಂದರೆ ಹಿರಿಯರ ಗಾದಿ. ಅವ್ವ ಸಂಜೆ ಅಲ್ಲಿ ಕೂತು ಇಡೀ ಓಣಿಯ ವಿಚಾರಣೆ ನಡೆಸುವವಳು. ಆ ಕಟ್ಟೆಯ ಎತ್ತರವನ್ನು ದಾರದಿಂದ ಅಳೆದು, ಗಂಟು ಹಾಕಿಕೊಂಡು ಶೋರೂಮಿಗೆ ಹೋದೆ. ಸೇಲ್ಸ್‌ಮನ್ ಮೈಲೇಜು, ಏರ್‌ಬ್ಯಾಗು ಎನ್ನುತ್ತಿದ್ದರೆ ನಾನು ಕುಕ್ಕರಗಾಲಲ್ಲಿ ಕೂತು ಸೀಟಿಗೆ ದಾರ ಹಿಡಿಯುತ್ತಿದ್ದೆ.

"ಸರ್, ಕಾರಿಗೆ ಅಂಗಿ ಹೊಲಿಸ್ತೀರೇನ್ರಿ?" ಎಂದ. ಐದನೆಯ ಕಾರಿನ ಸೀಟು ದಾರದ ಗಂಟಿಗೆ ಸರಿಯಾಗಿ ಬಂತು.

ಮರುದಿನ ಅವನು ಅದೇ ಕಾರನ್ನು ನಮ್ಮ ಬಾಗಿಲಿಗೇ ತಂದ. "ಇವತ್ತ ಹೇಳ್ರಿ ಸರ್, ಇನ್ನೊಬ್ರು ಕೇಳಾಕತ್ತಾರ" ಎಂದು ಅವಸರ ಮಾಡಿದ. ಓಣಿಯವರು ಸುತ್ತ ನಿಂತರು. ನನ್ನ ಹೆಂಡತಿಯ ಕೈ ಹಿಡಿದು ಬಂದ ಅವ್ವ ಕಾರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಬೆನ್ನು ತಿರುಗಿಸಿ ಸೀಟಿಗೆ ಒರಗಿ ಮೈ ಎತ್ತಿದಳು. ಆಗಲಿಲ್ಲ. ಮತ್ತೆ ಎತ್ತಿದಳು. ಮೂರನೆಯ ಸಲಕ್ಕೆ ಬಾಗಿಲು ಹಿಡಿದು ನಿಂತೇಬಿಟ್ಟಳು.

"ಕಟ್ಟಿ ಮ್ಯಾಲೆ ಕುಂತಂಗ ಕುಂದ್ರ ಬೇ ಅವ್ವಾ!" ಎಂದೆ.

ಅವ್ವ ಉಸಿರು ಬಿಟ್ಟಳು. "ಕಟ್ಟಿ ಮ್ಯಾಲೆ ಕುಂತು ಎರಡ ವರ್ಷಾತೋ ತಮ್ಮಾ. ಒಳಗ ತಗ್ಗಿನ ಕುರ್ಚಿ ಮ್ಯಾಲೆ ಕುಂದರ್ತೀನಲ್ಲ."

ಎರಡು ವರ್ಷ ಸಂಜೆ ಹೊತ್ತು ನಾನು ಎಲ್ಲಿದ್ದೆ? ಶಾಲೆ ಬಿಟ್ಟ ಮೇಲೆ ಪೇಟೆಯ ಚಹಾದಂಗಡಿಯಲ್ಲಿ, ನನ್ನಂಥ ಮೇಷ್ಟರಿಗೆ ಯಾವ ಕಾರು ಒಪ್ಪುತ್ತದೆಂಬ ಚರ್ಚೆಯಲ್ಲಿ. ಓಣಿಯವರೆದುರು ನಾಚಿಕೆಯಾಯಿತು.

ಹೆಂಡತಿ ಸೇಲ್ಸ್‌ಮನ್‌ಗೆ ಹೇಳಿದಳು: "ತಗ್ಗ ಸೀಟಿನ ಕಾರ ಕೊಡ್ರಿ. ಕುಂದ್ರೂ ಮುಂದ ಹಿಡೀತೀನಿ, ಇಳಿಯೂ ಮುಂದ ಎಬ್ಬಸ್ತೀನಿ. ದಿನಾ ಎಬ್ಬಸ್ತೀನಲ್ಲ."

ಅವ್ವ ಹೂಂ ಎಂದು ತಲೆಯಾಡಿಸಿದಳು. ಸೇಲ್ಸ್‌ಮನ್ ಬುಕಿಂಗ್ ಕಾಗದ ತೆಗೆದು ನನ್ನತ್ತ ತಿರುಗಿದ.

"ನಿಮ್ಮ ಆಧಾರ್ ಕಾರ್ಡ್ ಕೊಡ್ರಿ ಸರ್."

ಅದು ಎಲ್ಲಿದೆಯೆಂದು ನಾನು ಹೆಂಡತಿಯ ಮುಖ ನೋಡಿದೆ.